ಎಂಟನೇ ನಂಬರಿನ ಎರಡನೇ ವರ್ಷ

"ಸೀರೆ ಉಟ್ಕೊಂಡು ಕೂತು ಬರೆಯೋರಿಗೆ ಆಟ ಏನು ಗೊತ್ತಾಗುತ್ತೆ ಬಿಡಿ" ಎಂದು ನಮ್ಮ ಕ್ಲಬ್ಬಿನ ಸೆಕ್ರೆಟರಿಗಳು ಒಮ್ಮೆ ನನ್ನ ಬೆನ್ನ ಹಿಂದೆ ಅಂದರು. ನನಗೆ ಕೇಳಿಸಲಿ ಎಂದೇ ಅಂದದ್ದು. ಕೇಳಿಸಿತು. ನಾನು ತಿರುಗಲಿಲ್ಲ, ಏಕೆಂದರೆ ಆಟ ನಡೆಯುತ್ತಿತ್ತು. ಸ್ಕೋರ್ ಬರೆಯುವವಳು ಆಟ ಬಿಟ್ಟು ಸೆಕ್ರೆಟರಿಯ ಮುಖ ನೋಡಿದರೆ ಎರಡು ಅಂಕ ಕೈತಪ್ಪುತ್ತದೆ. ಆದರೆ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡೆ.

ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಕಾಲೇಜಿನಲ್ಲಿದ್ದಾಗ ನಾನು ಮಲ್ಲೇಶ್ವರದ ಇದೇ ಸಿಮೆಂಟ್ ಅಂಕಣದಲ್ಲಿ ಬಾಸ್ಕೆಟ್‌ಬಾಲ್ ಆಡಿದವಳು. ಬಲಗೈಯಲ್ಲೂ ಹಾಕುತ್ತಿದ್ದೆ, ಎಡಗೈಯಲ್ಲೂ ಹಾಕುತ್ತಿದ್ದೆ. ಮದುವೆಯಾಗಿ ನಗರ್ತಪೇಟೆಯ ರಿಬ್ಬನ್ನು, ಲೇಸಿನ ಅಂಗಡಿಯವರ ಮನೆ ಸೇರಿದ ಮೇಲೆ ನಮ್ಮ ಮಾವನವರು "ಚಡ್ಡಿ ಹಾಕ್ಕೊಂಡು ಓಡಿದ್ದು ಸಾಕಮ್ಮ" ಎಂದರು. ಓಡಬೇಡ ಎಂದರೇ ಹೊರತು ಕೂರಬೇಡ ಅನ್ನಲಿಲ್ಲ. ನನಗೆ ಅಷ್ಟು ಸಂದು ಸಾಕಿತ್ತು. ಮಕ್ಕಳು ಸ್ಕೂಲಿಗೆ ಹೋಗಲು ಶುರುಮಾಡಿದ ವರ್ಷ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಅಂಕಣದ ಪಕ್ಕದ ಸ್ಕೋರ್ ಮೇಜಿನ ಹಿಂದೆ ಹೋಗಿ ಕೂತೆ. ಇಪ್ಪತ್ತೆರಡು ವರ್ಷ ಆ ಕುರ್ಚಿಯಿಂದ ನನ್ನನ್ನು ಯಾರಿಂದಲೂ ಎಬ್ಬಿಸಲು ಆಗಲಿಲ್ಲ. ಎಬ್ಬಿಸಲು ನೋಡಿದವರು ಇದ್ದರು.

ಸ್ಕೋರ್ ಹಾಳೆಯ ಬಗ್ಗೆ ಸ್ವಲ್ಪ ಹೇಳಬೇಕು. ಅದರಲ್ಲಿ ಎರಡೇ ಸಂಗತಿಗೆ ಜಾಗ: ಯಾರು ಬಾಸ್ಕೆಟ್ ಹಾಕಿದರು, ಯಾರು ಫೌಲ್ ಮಾಡಿದರು. ಫೌಲ್ ಆದಾಗ ರೆಫರಿ ಮೇಜಿನ ಮುಂದೆ ಬಂದು ಆಟಗಾರನ ನಂಬರನ್ನು ಬೆರಳಲ್ಲಿ ತೋರಿಸುತ್ತಾರೆ. ಎಂಟು ಎಂದರೆ ಒಂದು ಕೈಯಲ್ಲಿ ಐದು, ಇನ್ನೊಂದರಲ್ಲಿ ಮೂರು. ಹನ್ನೊಂದು ಎಂದರೆ ಬಲಗೈ ಮುಷ್ಟಿ ಹತ್ತಕ್ಕೆ, ಎಡಗೈಯ ಒಂದು ಬೆರಳು ಒಂದಕ್ಕೆ. ಆದರೆ ಬಾಸ್ಕೆಟ್ ಬಿದ್ದಾಗ ಯಾರ ನಂಬರನ್ನೂ ಯಾರೂ ತೋರಿಸುವುದಿಲ್ಲ. ಅದನ್ನು ನೋಡಿ ಬರೆಯುವುದು ನನ್ನ ಕಣ್ಣು. ನಾನು ಬರೆದದ್ದೇ ಕೊನೆಯ ಮಾತು.

ನಮ್ಮ ಕ್ಲಬ್ಬಿನಲ್ಲಿ ಇನ್ನೊಂದು ಪದ್ಧತಿಯಿದೆ, ಬೇರೆಲ್ಲೂ ಇದ್ದದ್ದನ್ನು ನಾನು ಕೇಳಿಲ್ಲ. ಕ್ಲಬ್ ಕಟ್ಟಿದ ಹಿರಿಯರು ಪೇಟೆಯ ವ್ಯಾಪಾರಸ್ಥರು, ಅವರಿಗೆ ಏನನ್ನೂ ತೂಗದೆ ಒಳಗೆ ಬಿಟ್ಟುಕೊಂಡು ಅಭ್ಯಾಸವಿಲ್ಲ. ಮೊದಲ ವರ್ಷದ ಆಟಗಾರ ಹೊಸ ಅಳಿಯನ ಹಾಗೆ, ಏನು ಮಾಡಿದರೂ ಚೆಂದ. ಎರಡನೇ ಸೀಸನ್ ಮುಗಿದ ಮೇಲಿನ ಭಾನುವಾರ ಬೆಳಿಗ್ಗೆ ಅವನನ್ನು ತೂಗುತ್ತಾರೆ. ಹಾಗಂತಲೇ ಹೆಸರು: ಎರಡನೇ ವರ್ಷದ ತೂಕ. ಅಂಕಣದ ಮೂಲೆಯ ಹೊಂಗೆ ಮರದ ಕೆಳಗೆ ಕಮಿಟಿಯವರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಒಂದು ಹಾಳೆಯ ನಡುವೆ ಗೆರೆ ಎಳೆದು ಎಡಗಡೆ 'ಇದೆ', ಬಲಗಡೆ 'ಇಲ್ಲ' ಎಂದು ಕೋಚ್ ಬರೆದಿರುತ್ತಾರೆ. ನಾನು ಆ ವರ್ಷದ ಅಂಕ, ಫೌಲ್ ಓದಬೇಕು, ಸೆಕ್ರೆಟರಿಗಳು ಹಾಳೆ ಓದಬೇಕು. ಹುಡುಗ ಗ್ಯಾಲರಿಯ ಕೆಳಗಿನ ಮೆಟ್ಟಿಲಲ್ಲಿ ಕೂತು ಎಲ್ಲ ಕೇಳಬೇಕು, ಬಾಯಿ ತೆರೆಯುವಂತಿಲ್ಲ. ಆಮೇಲೆ ಕೈಯೆತ್ತಿ ತೀರ್ಮಾನ. ಹಿರಿಯರ ತಂಡದಲ್ಲಿ ಉಳಿದವನಿಗೆ ದೊಡ್ಡ ಪಂದ್ಯಗಳು, ಆ ಪಂದ್ಯಗಳಿಗೆ ಬರುವ ಆಯ್ಕೆದಾರರು, ಅವರಿಂದ ಕ್ರೀಡಾ ಕೋಟಾದ ಕೆಲಸ. ಉಳಿಯದವನನ್ನು ಊರಿನ ಇನ್ಯಾವ ಕ್ಲಬ್ಬೂ ಮುಟ್ಟುವುದಿಲ್ಲ. 'ಅವರೇ ಬಿಟ್ಟ ಮೇಲೆ ನಮಗ್ಯಾಕೆ' ಅನ್ನುತ್ತಾರೆ.

ನಾನು ಹೇಳಹೊರಟಿರುವುದು ಎಂಟನೇ ನಂಬರಿನ ಹುಡುಗನ ತೂಕದ ಬಗ್ಗೆ.

ಅವನು ಬಂದಾಗ ಹದಿನೆಂಟು ವರ್ಷ, ಆರಡಿ ಮೂರಂಗುಲ. ಅವನ ಅಪ್ಪನದು ಕಲಾಸಿಪಾಳ್ಯದಲ್ಲಿ ಈರುಳ್ಳಿ ಮಂಡಿ. ಅಜ್ಜನ ಕಾಲಕ್ಕೆ ಮಾಗಡಿ ಕಡೆಯ ಹಳ್ಳಿಯಿಂದ ಬಂದ ಒಕ್ಕಲಿಗರು. ಅಪ್ಪ ಅವನಿಗೆ ಖಡಾಖಂಡಿತವಾಗಿ ಹೇಳಿದ್ದರು: "ಎರಡು ವರ್ಷ ಆಡು. ಕ್ಲಬ್‌ನೋರು ಇಟ್ಕೊಂಡ್ರೆ ಸರಿ, ಇಲ್ಲ ಅಂದ್ರೆ ಮಂಡಿಗೆ ಬಂದ್ಬಿಡು." ಹುಡುಗ ಇದನ್ನು ನನಗೆ ನಗುತ್ತಲೇ ಹೇಳಿದ್ದ. ನಗುವಾಗ ಕಣ್ಣು ಮಾತ್ರ ನಗುತ್ತಿರಲಿಲ್ಲ.

ಮೊದಲ ಸೀಸನ್ನಿನಲ್ಲಿ ಅವನನ್ನು ಹೊತ್ತು ಮೆರೆಸಿದರು. ಏನು ಜಿಗಿತ! ಮೇಜಿನ ಹಿಂದಿನ ಗ್ಯಾಲರಿ "ಎಂಟು! ಎಂಟು!" ಎಂದು ಕೂಗುವಾಗ ನನ್ನ ಕುರ್ಚಿ ಅದುರುತ್ತಿತ್ತು. ಸತ್ಯ ಹೇಳುತ್ತೇನೆ, ನಾನೂ ಮರುಳಾಗಿದ್ದೆ. ಇಷ್ಟು ವರ್ಷ ಕಾದು ಕೂತದ್ದಕ್ಕೆ ಒಬ್ಬನಾದರೂ ಸಿಕ್ಕ ಅನ್ನಿಸಿತ್ತು. ಅವನ ಅಂಕ ಬರೆಯುವಾಗ ನನ್ನ ಪೆನ್ನು ಸ್ವಲ್ಪ ಜೋರಾಗಿಯೇ ಓಡುತ್ತಿತ್ತು.

ಎರಡನೇ ಸೀಸನ್ನಿನಲ್ಲಿ ಅವನ ಅಂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮೆರೆಸಿದವರೇ ಕೆಳಗಿಳಿಸಿದರು. "ಫೋನು ಜಾಸ್ತಿಯಾಗಿದೆ", "ತಲೆಗೇರಿದೆ", "ಒಂದ್ ವರ್ಷದ ಹೀರೋ ಗುರು" ಎಂದು ಗ್ಯಾಲರಿಯಲ್ಲಿ ಶುರುವಾಯಿತು. ಕೋಚ್ ಅವನನ್ನು ಮಾತಾಡಿಸುವುದನ್ನೇ ಕಡಿಮೆ ಮಾಡಿದರು. ತೂಕಕ್ಕೆ ಇನ್ನೂ ಹದಿನೈದು ದಿನ ಇದ್ದಾಗಲೇ ಹಾಳೆ ಸಿದ್ಧವಾಗಿತ್ತು, ಕೋಚ್ ಅದನ್ನು ನನ್ನ ಮೇಜಿನ ಮೇಲಿಟ್ಟರು. ನಾವಿಬ್ಬರೂ ಒಂದೇ ಕಾಲದಲ್ಲಿ ಆಡಿದವರು, ಅವರು ನನ್ನನ್ನು ಅಕ್ಕ ಎನ್ನುತ್ತಾರೆ. ಎಡಗಡೆ ಬರೆದಿದ್ದರು: ಎತ್ತರ, ಜಿಗಿತ. ಬಲಗಡೆ: ಅಂಕ ಬಿದ್ದಿದೆ, ಹಸಿವಿಲ್ಲ, ಸೊಕ್ಕು.

"ಇಷ್ಟೇನಾ?" ಎಂದೆ.

"ಇನ್ನೇನಕ್ಕಾ? ಅಂಕ ನೀವೇ ಬರ್ದಿದೀರಲ್ಲ. ಹೋದ್ ವರ್ಷದ್ದು ಈ ವರ್ಷದ್ದು ಪಕ್ಕ ಪಕ್ಕ ಇಟ್ರೆ ಸಾಕು. ಬಿಟ್ಬಿಡೋದೇ."

ನನಗೆ ಮೈ ಉರಿಯಿತು. ಏಕೆಂದರೆ ಆ ವರ್ಷ ನಾನು ನೋಡಿದ್ದೇ ಬೇರೆ. ನಮ್ಮ ಅಂಗಡಿಯ ಒಂದು ಹಳೆಯ ನೋಟ್‌ಬುಕ್ಕು, ರಿಬ್ಬನ್ನಿನ ಬಣ್ಣಗಳ ಪಟ್ಟಿ ಬರೆಯುವಂಥದ್ದು, ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಹಾಳೆಯಲ್ಲಿ ಜಾಗವಿಲ್ಲದ್ದನ್ನು ನಾನು ಅದರ ಹಿಂಬದಿಯಿಂದ ಬರೆಯುತ್ತ ಬಂದಿದ್ದೆ. ಹುಡುಗ ಚೆಂಡು ಕೈಗೆ ಬರುವ ಮೊದಲೇ ಅದು ಎಲ್ಲಿಗೆ ಹೋಗಬೇಕೆಂದು ನೋಡಿಟ್ಟಿರುತ್ತಿದ್ದ. ಎದುರಾಳಿ ತಂಡದ ಒಳ್ಳೆಯ ಆಟಗಾರನನ್ನು ಅವನಿಗೆ ಒಪ್ಪಿಸಿದರೆ ಆ ಮನುಷ್ಯ ಅವತ್ತು ಖಾಲಿ ಕೈ. ಅವನು ಪಾಸ್ ಕೊಟ್ಟು ಬೇರೆಯವರು ಹಾಕಿದ ಬಾಸ್ಕೆಟ್ಟುಗಳನ್ನು ಒಂದೊಂದು ಗೀಟು ಎಳೆದು ಗುರುತು ಮಾಡಿದ್ದೆ, ಪುಟಗಟ್ಟಲೆ ಗೀಟು. ಅಂಕ ಇಳಿದಿತ್ತು, ಆಟ ಏರಿತ್ತು. ಇದು ಕಾಣದವರು ಹಸಿವಿಲ್ಲ ಎಂದು ಬರೆಯುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ನೋಡಲು ಬಾರದವರು ಹುಡುಗ ಡೊಂಕು ಅನ್ನುತ್ತಿದ್ದರು.

ಅವನಲ್ಲಿ ಕೊರತೆ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಇತ್ತು, ಬೇಕಾದಷ್ಟು. ಅವನ ಎಡಗೈ ಟಿಫನ್ ಡಬ್ಬಿ ಹಿಡಿಯುವುದು ಬಿಟ್ಟರೆ ಬೇರೆ ಕೆಲಸಕ್ಕೆ ಬರುತ್ತಿರಲಿಲ್ಲ. ಫ್ರೀ ಥ್ರೋ ಎಂದರೆ ಯಾರೂ ಅಡ್ಡ ಬಾರದ ಎಸೆತ, ಅದನ್ನೂ ಬಸ್ಸು ತಪ್ಪಿಹೋಗುವವನ ಹಾಗೆ ಎಸೆದು ಕೆಡಿಸುತ್ತಿದ್ದ. ರೆಫರಿಯೊಂದಿಗೆ ಮಾತಿಗೆ ಮಾತು. ಒಮ್ಮೆ ನನ್ನ ಮೇಜಿಗೇ ಬಂದು "ಆಂಟಿ, ಆ ಫೌಲ್ ಬರೀಬೇಡಿ, ಅವ್ರಿಗೆ ಕಣ್ಣು ಕಾಣಲ್ಲ" ಎಂದ. ಬರೆದೆ, ಇನ್ನಷ್ಟು ದಪ್ಪವಾಗಿ.

ಆದರೆ ಕೊರತೆ ಬೇರೆ, ಅನ್ಯಾಯ ಬೇರೆ. ನಾನು ತೂಕದ ದಿನ ಎದ್ದು ನಿಂತು ಮಾತಾಡುವುದೆಂದು ನಿಶ್ಚಯಿಸಿದೆ. ಬಾಯಿಮಾತಿಗೆ ಯಾರೂ ಬಗ್ಗುವುದಿಲ್ಲ, ಪುರಾವೆ ಬೇಕು. ಆಟಗಾರರ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ತಾಯಿ ಎರಡು ವರ್ಷದ ಪಂದ್ಯಗಳನ್ನೆಲ್ಲ ಎದುರು ಗ್ಯಾಲರಿಯಿಂದ ಫೋನಿನಲ್ಲಿ ಹಿಡಿದು ಹಾಕಿದ್ದರು. ಎರಡೂ ವರ್ಷದ ಆಟವನ್ನು ಪಕ್ಕಪಕ್ಕ ಇಟ್ಟು ಕೋಚಿಗೆ ತೋರಿಸೋಣ ಎಂದುಕೊಂಡು ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ಕೂತೆ. ಪಕ್ಕದಲ್ಲಿ ಹೋದ ವರ್ಷದ ಸ್ಕೋರ್ ಹಾಳೆಗಳು, ನನ್ನದೇ ಅಕ್ಷರ.

ಹೋದ ವರ್ಷದ ಮೊದಲ ಪಂದ್ಯದಲ್ಲೇ ಒಂದು ಕಡೆ ಕೈ ನಿಂತಿತು. ಎಂಟನೆಯವನು ಚೆಂಡು ಎಸೆದ, ಬೀಳಲಿಲ್ಲ, ರಿಂಗಿಗೆ ಬಡಿದು ಹೊರಬಂತು. ಬೋರ್ಡಿನ ಕೆಳಗೆ ಐದಾರು ಕೈ. ಆ ಗದ್ದಲದಲ್ಲಿ ಒಂದು ಗಿಡ್ಡ ಕೈ ಮೆಲ್ಲಗೆ ಚೆಂಡನ್ನು ಮೇಲಕ್ಕೆ ತಟ್ಟಿತು, ಒಳಗೆ ಬಿತ್ತು. ಗ್ಯಾಲರಿ "ಎಂಟು! ಎಂಟು!" ಎಂದು ಕೂಗಿತು. ನನ್ನ ಹಾಳೆಯಲ್ಲಿ ಎಂಟು ಎಂದಿತ್ತು. ಆದರೆ ಎದುರಿನಿಂದ ಹಿಡಿದ ವಿಡಿಯೋದಲ್ಲಿ ಬೆನ್ನು ಕಾಣುತ್ತಿತ್ತು. ಬೆನ್ನ ಮೇಲೆ ಹನ್ನೊಂದು.

ಒಂದಾದರೆ ಹೋಗಲಿ, ಕಣ್ತಪ್ಪು. ಎರಡನೇ ಪಂದ್ಯದಲ್ಲಿ ಮೂರು. ಮೂರನೆಯದರಲ್ಲಿ ಮತ್ತೆ. ನಾನು ಸಂಜೆಯ ದೀಪ ಹಚ್ಚುವುದನ್ನೂ ಮರೆತು ನೋಡುತ್ತಲೇ ಇದ್ದೆ. ಎಂಟು ಎಸೆದು ತಪ್ಪಿದ್ದನ್ನು ಹನ್ನೊಂದು ಮತ್ತೆ ಮತ್ತೆ ಒಳಗೆ ಹಾಕಿದ್ದ. ಎಂಟು ಗಾಳಿಯಲ್ಲಿ ಜಿಗಿದು ಎಲ್ಲರಿಗೂ ಕಾಣುತ್ತಿದ್ದ, ಹನ್ನೊಂದು ನೆಲ ಬಿಟ್ಟು ಮೇಲೇಳುತ್ತಲೇ ಇರಲಿಲ್ಲ. ಜನ ಕಂಡದ್ದನ್ನು ಕೂಗಿದರು, ನಾನು ಕೇಳಿದ್ದನ್ನು ಬರೆದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಳಂತೆ ಒಬ್ಬಳು. ಆ ಒಬ್ಬಳು ನಾನೇ.

ಹನ್ನೊಂದನೇ ನಂಬರಿನವನು ಯಾರೆಂದು ಹೇಳಬೇಕು. ದಪ್ಪ ಮೊಣಕಾಲು, ಕಡಿಮೆ ಮಾತು, ಶೇಷಾದ್ರಿಪುರದ ಹುಡುಗ. ಎಂಟನೆಯವನ ಮೊದಲ ವರ್ಷ ಅವನಿಗೆ ಎರಡನೇ ವರ್ಷ. ಅಂದರೆ ಹೋದ ವರ್ಷ ತೂಕಕ್ಕೆ ಕೂತವನು ಅವನು. ಕೋಚ್ ಬಲಗಡೆ ಒಂದೇ ಸಾಲು ಬರೆದಿದ್ದರು: ಅಂಕವಿಲ್ಲ. ಆ ಅಂಕಗಳನ್ನು ನಾನೇ ಗಂಟಲು ಸರಿಮಾಡಿಕೊಂಡು ಓದಿದ್ದೆ. ಅವನು ಮೆಟ್ಟಿಲ ಮೇಲೆ ಕೂತು ಕೇಳಿ, ಎದ್ದು, ಎಲ್ಲರಿಗೂ ಕೈಮುಗಿದು ಹೋದ. ಆಮೇಲೆ ನಾವು ಖಾಲಿ ದೋಸೆ ತಿಂದೆವು. ನಾನು ಎರಡು ಸೆಟ್ ತಿಂದ ನೆನಪು.

ನನಗೆ ಅಳು ಬಂತು. ಅಳು ನಿಂತ ಮೇಲೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಅಂಗಡಿಯಿಂದ ಬಂದ ನಮ್ಮ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಚಪ್ಪಲಿ ಬಿಡುತ್ತ ಕೇಳಿಸಿಕೊಂಡರು.

"ನೀನು ಹೇಳದೆ ಇದ್ರೆ ಯಾರಿಗೂ ಗೊತ್ತಾಗಲ್ಲ" ಎಂದರು. ಚಪ್ಪಲಿಯನ್ನು ಮೂಲೆಗೆ ಸರಿಸಿ, "ಆದ್ರೆ ನೀನು ಹೇಳದೆ ಇರೋಳಲ್ಲ. ಕಾಫಿ ಮಾಡ್ಕೊಡ್ಲಾ?" ಎಂದರು.

ಮಾರನೆಯ ಸಂಜೆ ಅಭ್ಯಾಸ ಮುಗಿಸಿ ಶೂ ಬಿಚ್ಚುತ್ತಿದ್ದ ಎಂಟನೆಯವನ ಮುಂದೆ ಹೋಗಿ ನಿಂತೆ. ಫೋನು ತೋರಿಸಿದೆ. ಅವನು ನೋಡಿ ಮತ್ತೆ ಶೂ ದಾರ ಬಿಚ್ಚತೊಡಗಿದ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಆಂಟಿ."

"ಮತ್ತೆ ಯಾಕೆ ಹೇಳ್ಲಿಲ್ಲ? ಫೌಲ್ ಬರೀಬೇಡಿ ಅಂತ ಹೇಳಕ್ಕೆ ಮೇಜಿಗೆ ಓಡಿ ಬರ್ತಿದ್ದೆ. ಇದನ್ನ ಹೇಳಕ್ಕೆ ಕಾಲು ಬರ್ಲಿಲ್ವಾ?"

ಅವನು ತಲೆಯೆತ್ತಿ ನೋಡಿದ. "ನಾನೇನು ಬರೀರಿ ಅಂದ್ನಾ? ನೀವೇ ತಾನೆ ಬರ್ದಿದ್ದು" ಎಂದ. ನನಗೆ ಕೆನ್ನೆಗೆ ಹೊಡೆದಂತಾಯಿತು. ಅವನೇ ಮುಂದುವರಿಸಿದ. "ಎಲ್ಲಾ ಎಂಟು ಎಂಟು ಅಂತ ಕೂಗ್ತಿದ್ರು. ನಮ್ಮಪ್ಪನೂ ಬರ್ತಿದ್ರು ನೋಡಕ್ಕೆ. ಅಲ್ಲ ಅಂತ ಹೆಂಗೆ ಹೇಳ್ಲಿ? ಅವ್ನನ್ನ ತೆಗೆದುಬಿಡ್ತಾರೆ ಅಂತ ಗೊತ್ತಿದ್ರೆ ಹೇಳ್ತಿದ್ದೆ."

"ಅದಕ್ಕೇನಾ ಈ ವರ್ಷ ಎಲ್ಲರಿಗೂ ಪಾಸ್ ಕೊಟ್ಟಿದ್ದು? ಪಾಪ ತೊಳ್ಕೊಳಕ್ಕೆ?"

"ಇಲ್ಲಪ್ಪ" ಎಂದ, ನಿಜವಾಗಿಯೂ ಆಶ್ಚರ್ಯದಿಂದ. "ನಂಗೆ ಪಾಸ್ ಕೊಡೋದು ಇಷ್ಟ. ಅವ್ನಿದ್ದಾಗ ನಾನು ಹೆಂಗೆ ಎಸೆದ್ರೂ ನಡೀತಿತ್ತು, ಅವ್ನು ಹಾಕ್ಬಿಡ್ತಿದ್ದ. ಅವ್ನು ಹೋದ್ಮೇಲೆ ನೋಡಿ ಎಸೀಬೇಕಾಯ್ತು, ನೋಡಿ ಕೊಡ್ಬೇಕಾಯ್ತು. ಅಷ್ಟೇ."

ಆ ಉತ್ತರಕ್ಕಾಗಿ ಅವನನ್ನು ಬೈಯಬೇಕೋ ತಲೆ ಸವರಬೇಕೋ ತಿಳಿಯಲಿಲ್ಲ. ಎರಡೂ ಮಾಡದೆ ಮನೆಗೆ ಬಂದೆ.

ತೂಕದ ಭಾನುವಾರ ಹೊಂಗೆ ಮರದ ಕೆಳಗೆ ಏಳು ಕುರ್ಚಿ. ಹುಡುಗ ಕೆಳಗಿನ ಮೆಟ್ಟಿಲಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಮಡಚಿಕೊಂಡು ಕೂತಿದ್ದ. ಗೇಟಿನಾಚೆ ಸ್ಕೂಟರಿನ ಮೇಲೆ ಅವನ ಅಪ್ಪ ಕೂತೇ ಇದ್ದರು, ಇಳಿಯಲಿಲ್ಲ. ತೂಕ ಮುಗಿದ ಕೂಡಲೇ ಮಗನನ್ನು ಹಿಂದೆ ಕೂರಿಸಿಕೊಂಡು ಮಂಡಿಗೆ ಹೋಗುವ ಲೆಕ್ಕ ಎಂದು ಅವರ ಮುಖವೇ ಹೇಳುತ್ತಿತ್ತು.

"ಮೇಡಂ, ಅಂಕ ಓದಿ" ಎಂದರು ಸೆಕ್ರೆಟರಿಗಳು.

ನಾನು ಎದ್ದೆ. ಕೂತೇ ಓದುವುದು ವಾಡಿಕೆ. "ಅಂಕ ಓದೋದಿಲ್ಲ. ನಾನೂ ಒಂದು ಹಾಳೆ ಬರ್ಕೊಂಡು ಬಂದಿದೀನಿ, ಅದನ್ನ ಓದ್ತೀನಿ" ಎಂದೆ.

"ಅಭಿಪ್ರಾಯ ಕೋಚ್ ಕೊಡ್ತಾರೆ. ನೀವು ನಂಬರ್ ಅಷ್ಟೇ."

"ಇಪ್ಪತ್ತೆರಡು ವರ್ಷ ನಂಬರ್ ಅಷ್ಟೇ ಕೊಟ್ಟಿದೀನಿ. ಸೀರೆ ಉಟ್ಕೊಂಡು ಕೂತೋರಿಗೆ ಏನು ಗೊತ್ತಾಗುತ್ತೆ ಅಂತ ಇವತ್ತು ಕೇಳ್ಬಿಡಿ."

ಅವರು ಏನೋ ಹೇಳಹೋದರು, ನಾನು ಆಗಲೇ ಓದಲು ಶುರುಮಾಡಿದ್ದೆ. ಎಡಗಡೆಯದು ಮೊದಲು: ಅವನ ನೋಟ, ಅವನ ಕಾಲು, ಅವನಿಂದ ಬಾಸ್ಕೆಟ್ ಹಾಕಿದವರ ಪಟ್ಟಿ, ಅವನ ಎದುರು ನಿಂತು ಸೊರಗಿ ಹೋದವರ ಪಟ್ಟಿ. ಯಾವ ಪಂದ್ಯ, ಯಾರ ವಿರುದ್ಧ ಎಂದು ಹೇಳಿ ಹೇಳಿ ಓದಿದೆ. ಕೋಚ್ ಮೊದಲು ಮರ ನೋಡುತ್ತಿದ್ದವರು ಆಮೇಲೆ ನನ್ನನ್ನು ನೋಡತೊಡಗಿದರು. ನಂತರ ಬಲಗಡೆ. ಎಡಗೈ ಸತ್ತಿದೆ ಎಂದೆ, ಟಿಫನ್ ಡಬ್ಬಿಯ ಮಾತಿಗೆ ಒಬ್ಬರು ಹಿರಿಯರು ನಕ್ಕರು. ಫ್ರೀ ಥ್ರೋ, ರೆಫರಿಯ ಜೊತೆಗಿನ ಜಗಳ, ಒಂದನ್ನೂ ಬಿಡಲಿಲ್ಲ. ಹುಡುಗನ ಕಿವಿ ಕೆಂಪಾಗಿತ್ತು. ಆಗಲಿ, ಒಪ್ಪಿಕೊಳ್ಳುವವರು ಪೂರ್ತಿ ಒಪ್ಪಿಕೊಳ್ಳಬೇಕು.

"ಇನ್ನೊಂದು ಸಾಲಿದೆ" ಎಂದೆ. "ತನ್ನದಲ್ಲದ ಅಂಕ ತನ್ನ ಹೆಸರಿಗೆ ಬಿದ್ದಾಗ ಬಾಯಿ ಬಿಡಲಿಲ್ಲ."

ಆಮೇಲೆ ಎಲ್ಲ ಹೇಳಿದೆ. ಹೋದ ವರ್ಷದ ಅಂಕ ನಾನು ಕೂಗು ಕೇಳಿ ಬರೆದದ್ದು, ಅದರಲ್ಲಿ ಎಷ್ಟೋ ಹನ್ನೊಂದರವನದು, ಅವನನ್ನು ಕಳುಹಿಸಿದ್ದು ನನ್ನ ಪೆನ್ನು. ಎಂಟನೆಯವನ ಅಂಕ ಈ ವರ್ಷ ಬಿದ್ದದ್ದಲ್ಲ, ಹೋದ ವರ್ಷ ನಾನು ಎತ್ತಿ ಕಟ್ಟಿದ್ದು. ಫೋನನ್ನು ಕುರ್ಚಿಯಿಂದ ಕುರ್ಚಿಗೆ ದಾಟಿಸಿದೆ.

ಫೋನು ಕೊನೆಯ ಕುರ್ಚಿ ಮುಟ್ಟಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಸೆಕ್ರೆಟರಿಗಳು ದನಿ ಏರಿಸಿದರು: "ಅಂದ್ರೆ ಇಪ್ಪತ್ತೆರಡು ವರ್ಷ ನೀವು ಬರ್ದಿದ್ದೆಲ್ಲ ಹಿಂಗೇನಾ? ನಾಳೆ ಬೇರೆ ಕ್ಲಬ್‌ನೋರು ಕೇಳಿದ್ರೆ ನಾವು ಮುಖ ಎಲ್ಲಿಡ್ಬೇಕು? ಇದನ್ನೆಲ್ಲ ಇಲ್ಲಿಗೆ ಬಿಡಿ. ಆಗಿದ್ದು ಆಗೋಯ್ತು."

"ಆಗಿದ್ದು ನಂಗೆ ಆಗಿಲ್ಲ ಸಾರ್, ಅವ್ನಿಗೆ ಆಗಿದೆ" ಎಂದೆ. "ಉಪ್ಪು ತಿಂದೋರು ನೀರು ಕುಡೀಬೇಕು. ನಾನು ಕುಡೀತೀನಿ. ಮೊದಲು ಈ ಹುಡುಗನ್ನ ಸರಿಯಾಗಿ ತೂಗಿ. ಆಮೇಲೆ ಹನ್ನೊಂದನ್ನ ವಾಪಸ್ ಕರೀರಿ. ಅವ್ನು ಬರೋವರ್ಗೂ ನಾನು ಆ ಕುರ್ಚಿ ಬಿಡಲ್ಲ, ನೀವು ಮೇಜು ಎತ್ತಿಕೊಂಡು ಹೋದ್ರೂ ಬಿಡಲ್ಲ. ಅವ್ನು ಬಂದ ದಿನ ನಾನೇ ಎದ್ದು ಹೋಗ್ತೀನಿ."

ಎಂಟನೆಯವನ ಪರ ಕೈಗಳು ಎದ್ದವು. ಮೊದಲು ಎತ್ತಿದ್ದು ಕೋಚ್. ಅವರು ತಮ್ಮ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡದ್ದನ್ನು ಕಂಡೆ. ಸೆಕ್ರೆಟರಿಗಳು ಎತ್ತಲಿಲ್ಲ, ಅವರ ಕೈ ಬೇಕಾಗಿಯೂ ಇರಲಿಲ್ಲ. ಹನ್ನೊಂದರ ವಿಚಾರಕ್ಕೆ, ಅವನು ಬರುವುದಾದರೆ ಹೊಸ ಸೀಸನ್ನಿನ ಮೊದಲ ಪಂದ್ಯದಲ್ಲಿ ಆಡಿಸಿ ನೋಡೋಣ ಎಂದು ಗೊಣಗುತ್ತ ಒಪ್ಪಿದರು. ಗೇಟಿನಾಚೆ ಸ್ಕೂಟರ್ ಶುರುವಾದ ಸದ್ದು ಕೇಳಿಸಿತು. ಅಪ್ಪ ಒಬ್ಬರೇ ಹೋದರು. ಅವತ್ತು ನಾನು ದೋಸೆ ಮುಟ್ಟಲಿಲ್ಲ.

ಕರೆಯುವ ಕೆಲಸವನ್ನು ನಾನೇ ವಹಿಸಿಕೊಂಡೆ. ಹನ್ನೊಂದರವನು ಶೇಷಾದ್ರಿಪುರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ನನ್ನನ್ನು ಕಂಡು ಎದ್ದು ನಿಂತು ಸ್ಟೂಲು ಒರೆಸಿ ಕೊಟ್ಟ. ಕೂರದೆ ನಿಂತೇ ಹೇಳಿದೆ, ತಪ್ಪು ನನ್ನದು ಎಂದೆ. ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ, ಸಿಟ್ಟಾಗಲಿ ಎಂದು ಬಯಸಿಯೂ ಇದ್ದೆ. ಅವನು ಯಂತ್ರದಿಂದ ಹೊರಬರುತ್ತಿದ್ದ ಹಾಳೆಗಳನ್ನು ಜೋಡಿಸುತ್ತ ಕೇಳಿದ.

"ಅವತ್ತು ನೀವು ಅಂಕ ಓದಿದ್ರಲ್ಲ ಮೇಡಂ," ಎಂದ, "ಮನೆಗೆ ಹೋಗ್ತಾ ನಂಗೇ ಅನುಮಾನ ಬಂದ್ಬಿಡ್ತು. ನಾನು ನಿಜವಾಗ್ಲೂ ಹಾಕೇ ಇಲ್ವೇನೋ, ಹಾಕಿದ್ದು ಬರೀ ನನ್ನ ನೆನಪೇನೋ ಅಂತ."

ಇಷ್ಟು ವರ್ಷದಲ್ಲಿ ನನಗೆ ಯಾರು ಯಾರೋ ಏನೇನೋ ಅಂದಿದ್ದಾರೆ, ಎಲ್ಲಕ್ಕೂ ತಿರುಗಿ ಕೊಟ್ಟಿದ್ದೇನೆ. ಅವತ್ತು ಮಾತ್ರ ಅವನು ಒರೆಸಿ ಕೊಟ್ಟ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅವನು ಬಂದ. ಹೊಸ ಸೀಸನ್ನಿನ ಮೊದಲ ಪಂದ್ಯದ ಸಂಜೆ ಮೇಜಿನ ಹಿಂದೆ ನನ್ನ ಕುರ್ಚಿಯಲ್ಲಿ ಕಾಲೇಜು ಹುಡುಗಿಯೊಬ್ಬಳು ಕೂತಿದ್ದಳು, ನಾನೇ ಕಲಿಸಿದವಳು. ನಾನು ಹಿಂದಿನ ಗ್ಯಾಲರಿಯಲ್ಲಿ, ಅಷ್ಟು ವರ್ಷ ನನ್ನ ಬೆನ್ನಿಗೆ ಕೂಗಿದವರ ನಡುವೆ ಕೂತೆ. ಸೆಕ್ರೆಟರಿಗಳು ದಾಟಿ ಹೋಗುವಾಗ "ಇಲ್ಲಿ ಕೂತ್ರಾ?" ಎಂದರು. "ಇಲ್ಲಿಂದಾನೂ ಕಾಣುತ್ತೆ ಸಾರ್" ಎಂದೆ. ಕುರ್ಚಿ ಹೋದರೂ ಕಣ್ಣು ಹೋಗಿರಲಿಲ್ಲ.

ಎರಡನೇ ಕ್ವಾರ್ಟರ್ ಇರಬೇಕು. ಎಂಟು ಜಿಗಿದು ಚೆಂಡು ಎಸೆದ. ರಿಂಗಿಗೆ ಬಡಿದು ಹೊರಬಂತು. ಬೋರ್ಡಿನ ಕೆಳಗೆ ಅದೇ ಕೈಗಳ ಗದ್ದಲ. ಚೆಂಡು ಒಳಗೆ ಬಿತ್ತು. ನನ್ನ ಸುತ್ತಲ ಗ್ಯಾಲರಿ ಎದ್ದು ನಿಂತು "ಎಂಟು! ಎಂಟು!" ಎಂದು ಕೂಗಿತು. ಹೊಸ ಹುಡುಗಿ ಪೆನ್ನು ಹಿಡಿದು ತಲೆ ಎತ್ತಿದಳು, ಅವಳ ಮುಖದಲ್ಲಿ ಗೊಂದಲ. ನನ್ನ ಬಾಯಿಗೆ ಬಂದ ಕೂಗನ್ನು ಹಲ್ಲು ಕಚ್ಚಿ ತಡೆದೆ. ನಾನು ಹೇಳಬೇಕಾದದ್ದಾಗಿರಲಿಲ್ಲ ಅದು.

ಎದುರು ತಂಡ ಆಗಲೇ ಚೆಂಡು ತೆಗೆದುಕೊಂಡು ಓಡುತ್ತಿತ್ತು. ಎಂಟನೆಯವನು ಅವರ ಹಿಂದೆ ಓಡುತ್ತ, ಓಡುತ್ತಲೇ, ಮೇಜಿನ ಕಡೆ ತಿರುಗಿದ. ಬಲಗೈ ಮುಷ್ಟಿ ಹಿಡಿದು ಎತ್ತಿದ. ಪಕ್ಕದಲ್ಲಿ ಎಡಗೈಯ ಒಂದೇ ಬೆರಳು. ಗ್ಯಾಲರಿಯ ಕೂಗು ಅರ್ಧಕ್ಕೆ ನಿಂತಿತು. ಹುಡುಗಿ ಕಾಣದೆ ಹೋದಳೇನೋ ಎಂದು ಅವನು ಇನ್ನೊಮ್ಮೆ, ಇನ್ನೂ ಎತ್ತರಕ್ಕೆ, ಅದನ್ನೇ ತೋರಿಸಿದ. ಹೀಗೆ ಮಾಡುತ್ತ ಹಿಂದುಳಿದದ್ದಕ್ಕೆ ಅವನು ಕಾಯಬೇಕಿದ್ದ ಎದುರಾಳಿಯೇ ಬಾಸ್ಕೆಟ್ ಹಾಕಿದ, ಕೋಚ್ ಕಿರುಚಿದರು. ಅವನು ಕೇಳಿಸಿಕೊಳ್ಳಲಿಲ್ಲ.

ಹುಡುಗಿ ಬರೆದಳು. ಹನ್ನೊಂದರವನು ಮೇಜಿನ ಕಡೆ ಒಮ್ಮೆ ನೋಡಿ ಓಡಿಹೋದ.

ನನ್ನ ಚೀಲದಲ್ಲಿ ಆ ಭಾನುವಾರದ ಹಾಳೆ ಇನ್ನೂ ಇತ್ತು. ತೆಗೆದು ಮೊಣಕಾಲ ಮೇಲಿಟ್ಟು ಬಲಗಡೆಯ 'ಬಾಯಿ ಬಿಡಲಿಲ್ಲ' ಎಂಬ ಕೊನೆಯ ಸಾಲಿನ ಮೇಲೆ ಒಂದು ಗೆರೆ ಎಳೆದೆ. ಎಡಗೈಯ ಸಾಲನ್ನು ಹಾಗೇ ಬಿಟ್ಟೆ, ಅದು ಇನ್ನೂ ಸುಧಾರಿಸಬೇಕು. ಹಾಳೆಯ ತೀರಾ ಕೆಳಗೆ, ತೂಕದ ಹಿಂದಿನ ರಾತ್ರಿ ಬರೆದು ಯಾರಿಗೂ ಓದಿ ಹೇಳದ ಇನ್ನೊಂದು ಸಾಲಿತ್ತು: ಸ್ಕೋರ್ ಬರೆಯುವವಳು ಕಣ್ಣನ್ನು ಬಿಟ್ಟು ಕಿವಿಯನ್ನು ನಂಬಿದಳು. ಅದನ್ನು ಹೊಡೆದು ಹಾಕಲಿಲ್ಲ.